ಮಾವನ ಫೋಟೋಗಳೂ ಸುಣ್ಣದ ಗೆರೆಯೂ

ನನ್ನ ಸ್ಟುಡಿಯೋಗೆ ಬೀಗ ಹಾಕಿಸುವ ತಾಕತ್ತು ಈ ಭೂಮಿಯ ಮೇಲೆ ಇರುವುದು ಒಬ್ಬರಿಗೆ ಮಾತ್ರ. ಮೊಬೈಲಿನಲ್ಲಿ ಕ್ಯಾಮರಾ ಬಂತು. ಇನ್ನು ನಿನ್ನ ಕತೆ ಮುಗಿಯಿತು ಎಂದರು ಜನ, ಮುಗಿಯಲಿಲ್ಲ. ಕೊರೋನಾ ಬಂತು, ಮದುವೆಗಳೆಲ್ಲ ಇಪ್ಪತ್ತು ಜನಕ್ಕೆ ಇಳಿದವು, ಆಗಲೂ ಮುಗಿಯಲಿಲ್ಲ. ಆಮೇಲೆ ನನ್ನ ಸೋದರಮಾವ ವಾಟ್ಸಾಪ್ ಕಲಿತರು ನೋಡಿ! ಅಂದಿನಿಂದ ಬಿಳಿ ಪಂಚೆ ಉಟ್ಟು ಕುತ್ತಿಗೆಯಲ್ಲಿ ವಿಸಿಲ್ ತೂಗಿಸಿಕೊಂಡ ಎತ್ತರದ ವ್ಯಕ್ತಿಯೊಬ್ಬರು ಸೀತಾಂಗೋಳಿಯಲ್ಲಿ ಬಸ್ಸಿಳಿಯುವುದು ಕಂಡರೆ ನನ್ನ ಕೈ ತಾನಾಗಿ ಅಂಗಡಿಯ ಶಟರಿನ ಕಡೆಗೆ ಹೋಗುತ್ತದೆ.

ವಿಸಿಲ್ ಯಾಕೆ ಎಂದಿರಾ? ಮಾವ ಕನ್ನಡ ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವರು. ನಿವೃತ್ತರಾಗಿ ಹದಿನೆಂಟು ವರ್ಷವಾಯಿತು, ವಿಸಿಲ್ ಮಾತ್ರ ನಿವೃತ್ತವಾಗಿಲ್ಲ. ನಮ್ಮ ಮನೆಮಾತು ತುಳು. ಆದರೆ ಮಾವ ಬೈಯುವುದಿದ್ದರೆ ಕನ್ನಡದಲ್ಲೇ ಬೈಯುತ್ತಾರೆ. ನನ್ನ ಹತ್ತಿರ ಅವರು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ ಎಂದರೆ ನಮ್ಮಿಬ್ಬರ ಸಂಬಂಧ ನಿಮಗೆ ಅರ್ಥವಾಗಿರಬೇಕು.

ಅವರು ಮದುವೆಯಾಗಲಿಲ್ಲ. ಮೀಂಜದ ಮನೆಯಲ್ಲಿ ತಂಗಿಯ ಕೊನೆಯ ದಿನದವರೆಗೂ ಅವಳ ಜತೆಗೇ ಇದ್ದರು. ಆ ತಂಗಿಯೆಂದರೆ ನನ್ನ ಅಮ್ಮ. ಅಮ್ಮ ಹೋದ ವರ್ಷ ತೀರಿಕೊಂಡಳು. ಈಗ ಆ ಮನೆಯಲ್ಲಿ ಮಾವನ ಜತೆ ನನ್ನ ತಂಗಿಯ ಸಂಸಾರ ಇದೆ. ಅಮ್ಮನ ವರ್ಷದ ದಿನಕ್ಕೆ ಮೊದಲು ಅವಳ ಫೋಟೋ ಗೋಡೆಗೆ ಬರಬೇಕು, ಎರಡಡಿ ಅಗಲ ಮೂರಡಿ ಎತ್ತರ ಇರಬೇಕು ಎಂಬುದು ಮಾವನ ಹಠ. ಅದು ಆಗುವ ಕೆಲಸವಲ್ಲ ಎಂಬುದು ನನ್ನ ಹಠ. ಯಾಕೆ ಆಗುವುದಿಲ್ಲ ಎಂದು ಹೇಳುವ ಮೊದಲು ಮಾವನ ಈ ದೊಡ್ಡದು ಮಾಡಿಸುವ ಹುಚ್ಚು ಎಲ್ಲಿಂದ ಶುರುವಾಯಿತು ಎಂದು ಹೇಳಬೇಕು.

ಮೊದಲ ಬಲಿ ಅವರ ಶಾಲೆಯ ಗಣಿತದ ಮಾಸ್ಟ್ರು. ಅವರಿಗೆ ಎಂಬತ್ತು ತುಂಬಿದ್ದಕ್ಕೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಇಟ್ಟುಕೊಂಡಿದ್ದರು. ಎಲ್ಲರೂ ಶಾಲು, ಹಣ್ಣಿನ ಬುಟ್ಟಿ ಕೊಟ್ಟರೆ ನಮ್ಮ ಮಾವ ಕೊಡಲು ಹೊರಟದ್ದು ಏನು? ಗಣಿತದ ಮಾಸ್ಟ್ರಿಗೆ ಅವರದೇ ಮುಖ! ವಾಟ್ಸಾಪಿನಲ್ಲಿ ಹೆಸರಿನ ಪಕ್ಕ ದುಂಡಗೆ ಕಾಣುತ್ತದಲ್ಲ, ಆ ಪುಟಾಣಿ ಫೋಟೋವನ್ನು ಹಿಡಿದುಕೊಂಡು ಅಂಗಡಿಗೆ ಬಂದರು.

“ಮಾವ, ಇದರಲ್ಲಿ ಪಿಕ್ಸೆಲ್ ಅಂತಾರಲ್ಲ, ಆ ಚುಕ್ಕಿಗಳೇ ಇಲ್ಲ. ಅಂಚೆ ಚೀಟಿಗೆ ಆಗುವಷ್ಟು ಉಂಟು, ಅಷ್ಟೆ. ಮೂರಡಿ ಮಾಡಿದರೆ ಮುಖ ಚೌಕ ಚೌಕ ಆಗ್ತದೆ.”

“ನೀನು ಎಳೆ ಮಾರಾಯ. ಎಳೆಯದೆ ದೊಡ್ಡದಾಗ್ತದಾ?”

“ಒಂದು ಸೇರು ಅಕ್ಕಿಯಲ್ಲಿ ನೂರು ಜನಕ್ಕೆ ಊಟ ಹಾಕ್ಲಿಕ್ಕೆ ಆಗ್ತದಾ?”

“ಗಂಜಿ ಮಾಡು! ನೀರು ಹೊಯ್ದರೆ ನೂರೈವತ್ತು ಜನಕ್ಕೂ ಆಗ್ತದೆ!”

ನಾನು ಎಳೆಯಲು ಕೂತೆ. ಇಷ್ಟು ವರ್ಷ ಕಂಪ್ಯೂಟರಿನಲ್ಲಿ ನಾನು ಮಾಡುತ್ತ ಬಂದದ್ದೂ ಅದನ್ನೇ ತಾನೇ? ಇರುವ ಎರಡು ಚುಕ್ಕಿಗಳ ನಡುವೆ ಅವೆರಡರ ಬಣ್ಣ ಬೆರೆಸಿ ಇಲ್ಲದ ಚುಕ್ಕಿಗಳನ್ನು ತುಂಬುವುದು. ಅದಕ್ಕೆ ಗಂಜಿ ಎನ್ನುತ್ತಾರೆ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಸನ್ಮಾನದ ದಿನ ವೇದಿಕೆಯಲ್ಲಿ ಬಣ್ಣದ ಕಾಗದ ಬಿಚ್ಚಿದರು. ಒಳಗೆ ಬರೀ ಚೌಕಗಳು. ಗಣಿತದ ಮಾಸ್ಟ್ರ ಹೆಂಡತಿ ಮುಂದಿನ ಸಾಲಿನಿಂದ ಬಗ್ಗಿ ನೋಡಿ, “ಇದು ಯಾರು?” ಎಂದು ಕೇಳಿಯೇಬಿಟ್ಟರು. ಆ ಮೂರಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಒಂದೇ: ಕೆಳಗೆ ಮೂಲೆಯಲ್ಲಿ ನನ್ನ ಸ್ಟುಡಿಯೋದ ಹೆಸರು! ನಾನು ಕುರ್ಚಿಯಲ್ಲಿ ಆದಷ್ಟು ಕೆಳಗೆ ಜಾರಿದೆ.

ಆಗ ಊದಿದರು ನೋಡಿ ವಿಸಿಲ್! “ಎಲ್ಲ ಏಳಿ! ಇಪ್ಪತ್ತು ಹೆಜ್ಜೆ ಹಿಂದೆ!” ಸಭೆಯಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರು. ಐವತ್ತು ದಾಟಿದವರು, ಮೊಮ್ಮಕ್ಕಳಿದ್ದವರು, ಪಂಚಾಯತ್ ಮೆಂಬರು, ಎಲ್ಲರೂ ಎದ್ದು ಒಂದು ಎರಡು ಎಂದು ಎಣಿಸುತ್ತ ಹಿಂದೆ ಸರಿದರು. ಕೊನೆಯ ಸಾಲಿನವರು ಊಟದ ಮೇಜಿಗೆ ಡಿಕ್ಕಿ ಹೊಡೆದು ಒಂದು ಪಾತ್ರೆ ಸಾರು ನೆಲದ ಪಾಲಾಯಿತು. ಆದರೆ ಅಷ್ಟು ದೂರದಿಂದ ನೋಡಿದರೆ, ನಿಜ ಹೇಳುತ್ತೇನೆ, ಚೌಕಗಳೆಲ್ಲ ಒಂದರೊಳಗೊಂದು ಕರಗಿ ಗಣಿತದ ಮಾಸ್ಟ್ರು ಕನ್ನಡಕದೊಳಗಿಂದ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು! ಮಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನನಗೆ ಸಾರು ಹೋದ ಸಂಕಟ.

ಅಲ್ಲಿಂದ ಮುಂದೆ ನನಗೆ ನೆಮ್ಮದಿ ಇಲ್ಲ. ಹೊಸ ಮನೆಯ ಒಕ್ಕಲಿಗೆ, ನಾಮಕರಣಕ್ಕೆ, ಮದುವೆಗೆ, ಎಲ್ಲೇ ಕರೆದರೂ ಮಾವ ಕರೆದವರ ಮುಖವನ್ನು ಎಳೆಸಿ ಕೊಡುತ್ತಿದ್ದರು. ಒಮ್ಮೆ ತಾಳ್ಮೆಗೆಟ್ಟು ಹೇಳಿದೆ: “ವಾಟ್ಸಾಪಿನಲ್ಲಿ ಕಳಿಸಿದರೆ ದಾರಿಯಲ್ಲಿ ಫೋಟೋ ಸಣ್ಣಗಾಗ್ತದೆ ಮಾವ. ಹಾಗೆ ಕಳಿಸಬೇಡಿ.”

ಮರುದಿನ ಮಾವ ಎರಡು ಬಸ್ಸು ಬದಲಿಸಿ ಬಂದರು. ಫೋನನ್ನು ಜೇಬಿಗೆ ಹಾಕದೆ ಮೀಂಜದಿಂದ ಸೀತಾಂಗೋಳಿಯವರೆಗೂ ಅಂಗೈಯ ಮೇಲೆ ಇಟ್ಟುಕೊಂಡೇ ಬಂದಿದ್ದರು! ತಿರುವುಗಳಲ್ಲಿ ಎರಡೂ ಕೈ ಕೊಟ್ಟಿದ್ದರಂತೆ. “ಸ್ವಲ್ಪವೂ ಅಲುಗಿಸಲಿಲ್ಲ. ಈಗ ನೋಡು, ಪೂರ್ತಿ ಉಂಟಾ?” ನೋಡಿದೆ. ಅದು ಯಾರೋ ಯಾರಿಗೋ ಕಳಿಸಿ, ಅವರು ಗುಂಪಿಗೆ ಹಾಕಿ, ಗುಂಪಿನಿಂದ ಮಾವನಿಗೆ ಬಂದ ಫೋಟೋ. ಬಸ್ಸು ಹತ್ತುವ ಮೊದಲೇ ಅದರ ಕತೆ ಮುಗಿದಿತ್ತು. ಚಹಾ ತರಿಸಿದೆ.

ಇನ್ನು ಅವರ ಮನೆಯ ಚಾವಡಿಯ ಪಾಡು ಕೇಳಿ. ಗೋಡೆಯ ತುಂಬ ಎಳೆಸಿದ ಮುಖಗಳು. ಪ್ರತಿ ಫೋಟೋದ ಎದುರು ನೆಲದ ಮೇಲೆ ಚಾಕ್‌ಪೀಸಿನ ಒಂದೊಂದು ಗೆರೆ. ಆ ಗೆರೆಯ ಮೇಲೆ ನಿಂತೇ ನೋಡಬೇಕು. ದಾಟಿದರೆ ವಿಸಿಲ್! ಚುಕ್ಕಿ ಕಡಿಮೆ ಇದ್ದಷ್ಟೂ ಗೆರೆ ದೂರ. ಮಾವ ಅದನ್ನು ಹೆಜ್ಜೆಯಲ್ಲಿ ಅಳೆದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಅರ್ಧ ಹೆಜ್ಜೆ ಹಿಂದೆ ಸರಿದು ಗುರುತು ಹಾಕಿದ್ದು. ನಮ್ಮ ದೊಡ್ಡಪ್ಪನ ಗೆರೆ ಅಡುಗೆ ಕೋಣೆಯೊಳಗೆ, ಗ್ಯಾಸ್ ಸ್ಟವ್ವಿನ ಬುಡಕ್ಕೆ ಬಂದಿದೆ. ಅವರನ್ನು ಯಾರಾದರೂ ನೋಡಬೇಕೆಂದರೆ ನನ್ನ ತಂಗಿ ದೋಸೆ ಹೊಯ್ಯುವುದನ್ನು ನಿಲ್ಲಿಸಿ ಬದಿಗೆ ಸರಿಯಬೇಕು. ಅವಳು ದಿನಾ ನೆಲ ಒರೆಸುವಾಗ ಗೆರೆಗಳನ್ನೂ ಒರೆಸುತ್ತಾಳೆ, ಮಾವ ದಿನಾ ಮತ್ತೆ ಎಳೆಯುತ್ತಾರೆ. “ಅಣ್ಣಾ, ನೀನು ಅವರಿಗೆ ಪ್ರಿಂಟ್ ಹಾಕಿ ಕೊಡುವುದನ್ನು ನಿಲ್ಲಿಸ್ತೀಯಾ, ಇಲ್ಲ ನಾನು ಆ ಚಾಕ್‌ಪೀಸ್ ಡಬ್ಬಿ ಬಾವಿಗೆ ಹಾಕ್ಬೇಕಾ?” ಎಂದು ಅವಳು ಫೋನಿನಲ್ಲಿ ಕೇಳುತ್ತಾಳೆ.

ಇಷ್ಟು ಮುಖಗಳ ನಡುವೆ ಅಮ್ಮನ ಮುಖ ಮಾತ್ರ ಇರಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ. ಊರಿನ ಅರ್ಧ ಜನರ ಮದುವೆ ತೆಗೆದ ನನ್ನ ಬಳಿ ಅಮ್ಮನ ಒಂದು ಒಳ್ಳೆಯ ಫೋಟೋ ಇಲ್ಲ. ಕ್ಯಾಮರಾ ಎತ್ತಿದರೆ ಸಾಕು, “ಬೇಡ ಮಗಾ, ಈ ಸೀರೆಯಲ್ಲಿ ಬೇಡ” ಎಂದು ಒಳಗೆ ಹೋಗುತ್ತಿದ್ದಳು. ಇನ್ನೊಂದು ದಿನ ತೆಗೆದರಾಯಿತು ಎಂದು ನಾನೂ ಬಿಡುತ್ತಿದ್ದೆ. ಆಧಾರ್ ಕಾರ್ಡಿನದು ಒಂದಿದೆ, ಅದರಲ್ಲಿ ಅವಳು ಪೊಲೀಸರ ಎದುರು ನಿಂತ ಹಾಗಿದ್ದಾಳೆ. ಅದು ಬಿಟ್ಟರೆ ನಾಯ್ಮಾರ್ಮೂಲೆಯಲ್ಲಿ ನೆಂಟರ ಮನೆಯ ಒಕ್ಕಲಿನ ದಿನ ಯಾರೋ ಮೊಬೈಲಿನಲ್ಲಿ ತೆಗೆದ ಗುಂಪು ಫೋಟೋ. ಅದರ ತುದಿಯಲ್ಲಿ ಅಮ್ಮ, ಕೈಯಲ್ಲಿ ಪಾಯಸದ ಸೌಟು, ಯಾರೋ ಏನೋ ಹೇಳಿದ್ದಕ್ಕೆ ಬಾಯ್ತುಂಬ ನಗುತ್ತಿದ್ದಾಳೆ. ತೆಗೆದವರ ಫೋನು ಕೆಟ್ಟುಹೋಗಿ ಮೂಲ ಫೋಟೋ ಇಲ್ಲ. ಉಳಿದದ್ದು ಹತ್ತು ಕೈ ದಾಟಿ ಬಂದದ್ದು. ಅದರಲ್ಲಿ ಅಮ್ಮನ ಮುಖ ಒಂದು ಕಡಲೆಕಾಳಿನಷ್ಟು.

“ಇದನ್ನೇ ಮಾಡು,” ಎಂದರು ಮಾವ.

“ಆಗ್ಲಿಕ್ಕಿಲ್ಲ ಮಾವ. ಬೇರೆಯವರದ್ದು ಹೇಗೂ ಆಗಲಿ. ಅಮ್ಮನ ಮುಖ ಹಾಗೆ ಚೌಕ ಚೌಕ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

“ನಿನಗೆ ನೋಡ್ಲಿಕ್ಕೆ ಯಾರು ಹೇಳಿದ್ದು? ಪ್ರಿಂಟ್ ಹಾಕು.”

ತಿಂಗಳುಗಟ್ಟಲೆ ತಪ್ಪಿಸಿಕೊಂಡೆ. ವರ್ಷದ ದಿನ ಹತ್ತಿರ ಬಂದಾಗ ಕೊನೆಗೆ ಒಂದು ಉಪಾಯ ಮಾಡಿದೆ. ಈಗ ಕೃತಕ ಬುದ್ಧಿಯ ಸಾಫ್ಟ್‌ವೇರ್ ಬಂದಿದೆಯಲ್ಲ, ಮಸುಕು ಮುಖ ಕೊಟ್ಟರೆ ತೊಳೆದಿಟ್ಟಂತೆ ಮಾಡಿ ಕೊಡುತ್ತದೆ, ಅದಕ್ಕೆ ಅಮ್ಮನನ್ನು ಕೊಟ್ಟೆ. ಎರಡು ನಿಮಿಷ. ಬಂತು ನೋಡಿ! ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು, ಚರ್ಮದಲ್ಲಿ ಒಂದು ಕಲೆ ಇಲ್ಲ, ಹಲ್ಲುಗಳು ಸಾಲಾಗಿ ಮಿಂಚುತ್ತಿವೆ. ಏನೋ ಸರಿಯಿಲ್ಲ ಎನ್ನಿಸಿದರೂ ಸುಮ್ಮನೆ ಪ್ರಿಂಟ್ ಹಾಕಿ, ಮಾವ ಬಂದಾಗ ಬಿಡಿಸಿ ತೋರಿಸಿದೆ.

ಮಾವ ಹತ್ತಿರದಿಂದ ನೋಡಿದರು. ಹಿಂದೆ ಹಿಂದೆ ಹೋಗಿ ರಸ್ತೆಯ ಬದಿಯಿಂದ ನೋಡಿದರು. ವಾಪಸು ಬಂದು, “ಯಾರು ಇವರು? ಟಿವಿಯಲ್ಲಿ ವಾರ್ತೆ ಓದುವವರಾ?” ಎಂದರು.

“ಅಮ್ಮ, ಮಾವ.”

“ನಿನ್ನ ಅಮ್ಮನ ಎದುರಿನ ಒಂದು ಹಲ್ಲು ತುಂಡು ಗೊತ್ತುಂಟಾ? ಅದು ಎಲ್ಲಿ ಹೋಯ್ತು ಇದರಲ್ಲಿ? ಗೇರುಬೀಜ ಸಾಲಾಗಿಟ್ಟು ಕಲ್ಲು ಹೊಡೆದು ಆಡುವಾಗ ನಾನು ಎಸೆದ ಕಲ್ಲು ತಾಗಿ ತುಂಡಾದದ್ದು. ಅವಳಿಗೆ ಏಳು ವರ್ಷ. ಬಿದ್ದು ತುಂಡಾಯ್ತು ಅಂತ ಮನೆಯಲ್ಲಿ ಸುಳ್ಳು ಹೇಳಿದಳು, ನನಗೆ ಪೆಟ್ಟು ಬೀಳಬಾರದು ಅಂತ. ಆ ಹಲ್ಲು ಇಲ್ಲದೆ ಇವಳನ್ನು ನಾನು ಗೋಡೆಗೆ ಹಾಕುವುದಾ?”

ನನಗೆ ಸಿಟ್ಟು ನೆತ್ತಿಗೇರಿತು. ಸಾಫ್ಟ್‌ವೇರಿನ ಮೇಲೋ, ಮಾವನ ಮೇಲೋ, ಇನ್ನೊಂದು ದಿನ ತೆಗೆದರಾಯಿತು ಎಂದ ನನ್ನ ಮೇಲೋ ಗೊತ್ತಿಲ್ಲ. “ಹಾಗಾದರೆ ತಗೊಳ್ಳಿ, ಚೌಕವೇ ತಗೊಳ್ಳಿ!” ಎಂದು ಕೂಗಿ, ಆ ಕಡಲೆಕಾಳನ್ನು, ಸೌಟು ಸಮೇತ, ಏನೂ ತಿದ್ದದೆ ಎರಡಡಿ ಮೂರಡಿಗೆ ಎಳೆದು ಪ್ರಿಂಟ್ ಹಾಕಿದೆ. ಹೊರಗೆ ಬಂದದ್ದು ನೆಲಕ್ಕೆ ಹಾಸುವ ಟೈಲ್ಸಿನ ಹಾಗಿತ್ತು. ನಾನು ಮುಖ ತಿರುಗಿಸಿ ಸುರುಳಿ ಸುತ್ತಿ ಕೊಟ್ಟೆ. ಮಾವ ಅದನ್ನು ಬಿಡಿಸಿಯೂ ನೋಡದೆ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ನಾಲ್ಕು ದಿನ ಕಳೆದು ವರ್ಷದ ದಿನ ಬಂತು. ಬೆಳಿಗ್ಗೆ ಮೀಂಜಕ್ಕೆ ಹೋದೆ. ಗೇಟಿನ ಕೊಂಡಿ ತೆಗೆದು ಒಳಗೆ ಕಾಲಿಟ್ಟರೆ, ಅಲ್ಲೇ, ಗೇಟಿನ ಬುಡದಲ್ಲೇ, ಅಂಗಳದ ಮಣ್ಣಿನಲ್ಲಿ ಬಿಳಿಯ ಗೆರೆ. ಈ ಸಲ ಚಾಕ್‌ಪೀಸಲ್ಲ, ಶಾಲೆಯ ಓಟದ ಪಂದ್ಯಕ್ಕೆ ಎಳೆಯುತ್ತಿದ್ದರಲ್ಲ, ಆ ಸುಣ್ಣ. ಚಾವಡಿ, ಅಡುಗೆ ಕೋಣೆ ಎಲ್ಲ ಮುಗಿದು ಈಗ ಅಂಗಳಕ್ಕೂ ಬಂತಲ್ಲ ಇವರ ಹುಚ್ಚು ಎಂದು ಗೊಣಗುತ್ತ ತಲೆಯೆತ್ತಿದೆ.

ಜಗಲಿಯಲ್ಲಿ ಅಮ್ಮ ನಿಂತಿದ್ದಳು.

ಗೇಟಿನ ಸದ್ದಾದರೆ ಸಾಕು, ಕೈಯಲ್ಲಿದ್ದ ಸೌಟನ್ನೂ ಇಡದೆ ಅವಳು ಹೊರಗೆ ಬರುತ್ತಿದ್ದಳು. ಅಂಗಳದ ಆಚೆ ನಾನು ಕಾಣುತ್ತಲೇ ಹೀಗೆಯೇ ನಗುತ್ತಿದ್ದಳು. ಅದೇ ಜಾಗ, ಅದೇ ಸೌಟು, ಅದೇ ನಗು. ತುಂಡಾದ ಹಲ್ಲೂ ಕಂಡಿತು. ಅಷ್ಟು ಕಡಿಮೆ ಚುಕ್ಕಿಯಲ್ಲಿ ಹಲ್ಲು ಕಾಣಲು ಸಾಧ್ಯವೇ ಇಲ್ಲ ಎಂದು ಈ ಕಸುಬಿನವನಾಗಿ ನಾನು ಆಣೆ ಹಾಕಿ ಹೇಳಬಲ್ಲೆ. ಆದರೆ ಕಂಡಿತು.

ನಾನು ಗೆರೆ ದಾಟಲಿಲ್ಲ. ನಾಲ್ಕು ಹೆಜ್ಜೆ ಹೋದರೆ ಅವಳು ಮತ್ತೆ ಚೌಕಗಳಾಗುತ್ತಾಳೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾವ ಜಗಲಿಯಿಂದ ಇಳಿದು ಬಂದರು. ವಿಸಿಲ್ ಊದಲಿಲ್ಲ, ಬೈಯಲೂ ಇಲ್ಲ. ನನ್ನ ಪಕ್ಕಕ್ಕೆ ಬಂದು, ಗೆರೆಗೆ ಸರಿಯಾಗಿ ಪಾದ ಜೋಡಿಸಿ ನಿಂತರು.

“ಮಂಡಿನೋವು ಅಂತ ಅಂಗಳಕ್ಕೆ ಇಳಿಯುವುದೇ ಬಿಟ್ಟಿದ್ದೆ. ಈಗ ದಿನಾ ಐದಾರು ಸಲ ಗೇಟಿಗೆ ಬರ್ತೇನೆ, ಪೇಪರ್ ಬಂತಾ ನೋಡ್ಲಿಕ್ಕೆ,” ಎಂದರು.

ನಾನು ಹೂಂ ಎಂದೆ. ಈ ಮನೆಗೆ ಪೇಪರ್ ಬರುವುದು ನಿಂತು ಒಂದು ವರ್ಷವಾಯಿತು. ಅದನ್ನು ಓದುತ್ತಿದ್ದವಳು ಅಮ್ಮ.