ಡಿಗ್ರಿ ಕಡ್ಡಿಗೆ ಬೆನ್ನಿಲ್ಲ

ಚಳಿಗಾಲ ಬಂತೆಂದರೆ ನಮ್ಮ ಸಂಡಿಗೆ ಅಂಗಳದಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಹೋದ ಸಲದ್ದಕ್ಕೆ ಮಾತ್ರ ಕಾರಣ ನಾನೇ. ಆದರೂ ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಾದರೆ ಉಪ್ಪು ಖಾರ ಜಾಸ್ತಿಯಾಗುತ್ತದೆ.

ತೆರಕಣಾಂಬಿಯಲ್ಲಿ ಅಕ್ಕಿ ಸಂಡಿಗೆ ಮಾಡುವುದು ನನ್ನ ಕಸುಬು. ಒಂದೇ ಒಲೆಯಿಂದ ಶುರು ಮಾಡಿದೆ, ಈಗ ನಾಲ್ಕು ಹೆಂಗಸರು ಜೊತೆಗಿದ್ದಾರೆ. ಶಾಲೆಗೆ ಹೋದವಳಲ್ಲ, ಸಂಡಿಗೆ ಕಟ್ಟಲು ತಂದ ಹಳೇ ಪೇಪರಿನಲ್ಲೇ ಅಕ್ಷರ ಕಲಿತೆ. ಹಾಗೆ ಕಲಿತವರಿಗೆ ಅಚ್ಚಾದದ್ದರ ಮೇಲೆ ನಂಬಿಕೆ ಹೆಚ್ಚು. ಆ ವಾರ ಸಂತೆಮರಹಳ್ಳಿಯ ಒಂದು ಮದುವೆ ಮನೆಗೆ ಶುಕ್ರವಾರ ಸಂಡಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ನಾನು ಒಮ್ಮೆಯೂ ಮಾತು ತಪ್ಪಿದವಳಲ್ಲ.

೧. ಜಗಲಿಯ ಕಡ್ಡಿ

ಆ ಚಳಿಗಾಲದ ಶುರುವಿನಲ್ಲೇ ಚಾಮರಾಜನಗರದಿಂದ ಒಂದು ಥರ್ಮಾಮೀಟರ್ ತಂದು ಜಗಲಿಯ ನೆರಳಿನಲ್ಲಿ ನೇತುಹಾಕಿದೆ. "ಇನ್ಮೇಲೆ ಚಳಿ ಎಷ್ಟು ಅಂತ ನೀವು ಹೇಳಬೇಡಿ, ಇದು ಹೇಳುತ್ತೆ" ಅಂದೆ. ಹೆಂಗಸರು ಅದಕ್ಕೆ 'ಡಿಗ್ರಿ ಕಡ್ಡಿ' ಅಂತ ಹೆಸರಿಟ್ಟರು.

ಮಂಗಳವಾರ ಬೆಳಿಗ್ಗೆ ಎದುರು ಮನೆ ಕಾಣದಷ್ಟು ಮಂಜು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡವ್ವ. ಅವಳು ನಡುಗುತ್ತಾ ಬಂದಳು.

"ಚಳಿ ಮೂಳೆಗಿಳೀತಾ ಅದೆ ಕಣಮ್ಮಿ."

"ನಿನ್ನೆ ಎಳೆ ಬಿಸಿಲಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಾ ಪದ ಹೇಳ್ತಿದ್ದೆಯಲ್ಲ? ನೋಡು, ನಿನ್ನೆಯೂ ಹದಿನಾರು, ಇವತ್ತೂ ಹದಿನಾರು."

ದೊಡ್ಡವ್ವ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅದುಕ್ಕೇನಮ್ಮಿ, ಅದುಕ್ಕೆ ಬೆನ್ನಿಲ್ಲ."

ಹಿಂದೆ ಹದಿನಾರು ತೋರಿಸಿದ್ದಾಗ ಸಂಡಿಗೆ ಎರಡೇ ದಿನದಲ್ಲಿ ಒಣಗಿತ್ತು. ಆ ಧೈರ್ಯದ ಮೇಲೆ ಮಂಜಿನಲ್ಲೇ ಸಂಡಿಗೆ ಹಾಕಿಸಿದೆ.

೨. ಮಂಗನ ಟೋಪಿ

ಬುಧವಾರ ಸಂಡಿಗೆ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಜಗಲಿಗೆ ಬಂದು ನೋಡಿದರೆ ಕಡ್ಡಿಯ ತಲೆಗೆ ಉಣ್ಣೆಯ ಮಂಗನ ಟೋಪಿ!

"ಯಾರದ್ದು ಇದು?"

"ನಂದೇ ಕಣಮ್ಮಿ" ಅಂದಳು ದೊಡ್ಡವ್ವ. "ಅದುಕ್ಕೂ ವಸಿ ಬೆಚ್ಚಗಾಗ್ಲಿ, ಡಿಗ್ರಿ ಏರ್ಲಿ, ಸಂಡಿಗೆ ಒಣಗ್ಲಿ ಅಂತ."

ಉಳಿದ ಮೂವರು ಸೆರಗು ಬಾಯಿಗಿಟ್ಟುಕೊಂಡರು. ಟೋಪಿ ತೆಗೆದು ನೋಡಿದೆ. ಹದಿನಾರೇ! ಕೂದಲೆಳೆಯಷ್ಟೂ ಏರಿರಲಿಲ್ಲ. ಹಾಗಾದರೆ ಉಣ್ಣೆಯಲ್ಲಿ ಬಿಸಿಯೇ ಇಲ್ಲವೇ? ಒಳಗೆ ಹೋಗಿ, ಹಳೇ ಪೇಪರಿನ ಜೊತೆ ಬಂದಿದ್ದ ವಿಜ್ಞಾನದ ಪಠ್ಯಪುಸ್ತಕ ತೆಗೆದೆ. ಉಣ್ಣೆ ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಬಿಸಿಯನ್ನೇ ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಮಂಜಿಗೆ ಬಟ್ಟೆ ತೇವವಾದರೆ ಆ ಹಿಡಿತವೂ ಹೋಯಿತು. ಮೂರು ಸಲ ಓದಿದೆ. ಐವತ್ತು ವರ್ಷ ಕಂಬಳಿಯನ್ನು ಹೊಗಳಿದ್ದೇನೆ, ಒಳಗಿದ್ದ ಒಲೆ ನಾನೇ!

ಮೈ ಜುಮ್ಮೆಂದಿತು. ಓಡಿಬಂದು ಹೇಳಿದೆ, "ದೊಡ್ಡವ್ವ, ಬೆಂಕಿ ಇರೋದು ನಮ್ಮೊಳಗೇ ಅಂತೆ!"

"ನಿನ್ನೊಳಗೆ ಅದೆ ಅಂತ ನಮ್ಗೆ ಮೊದ್ಲೇ ಗೊತ್ತಿತ್ತು ಕಣಮ್ಮಿ."

೩. ಒಂದು ಬಸ್ಸು, ಎರಡು ಕಾಲ

ಗುರುವಾರ ಗುಂಡ್ಲುಪೇಟೆಯ ಹೋಟೆಲೊಂದಕ್ಕೆ ಉಳಿದಿದ್ದ ಒಂದಿಷ್ಟು ಹಳೇ ಸಂಡಿಗೆ ಕೊಟ್ಟು, ಹತ್ತು ಗಂಟೆಯ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಊರು ದಾಟುತ್ತಲೇ ಮಂಜು ಹರಿದು ಬಲಗಡೆಯ ಕಿಟಕಿಗಳಿಗೆ ಬಿಸಿಲು ಬಂತು. ಆ ಕಡೆ ಕೂತವರು ಸ್ವೆಟರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ನೆರಳಿನ ಕಡೆಯ ನಾವು ಮಫ್ಲರ್ ಬಿಗಿದುಕೊಂಡೆವು. ಒಂದು ಸೀಟು ಖಾಲಿಯಾದ ಕೂಡಲೇ ಬಲಕ್ಕೆ ಹಾರಿದೆ. ಬಸ್ಸಿನೊಳಗಿನ ಗಾಳಿ ಅದೇ. ಆದರೆ ಎಲ್ಲೋ ಕೋಟಿಗಟ್ಟಲೆ ಮೈಲಿ ದೂರದ ಸೂರ್ಯ, ನಡುವಿನ ಗಾಳಿಯನ್ನು ಕೇಳದೆ, ನೇರ ಬಂದು ನನ್ನ ತೋಳು ಮುಟ್ಟಿದ್ದ. ಬಾಯಿ ತೆರೆದು ಕೂತುಬಿಟ್ಟೆ.

ಕಂಡಕ್ಟರ್ ಎರಡೂ ಕಡೆ ನೋಡಿ ಹೇಳಿದ, "ಈ ಕಡೆ ಊಟಿ, ಆ ಕಡೆ ರಾಯಚೂರು. ಟಿಕೆಟ್ ಮಾತ್ರ ಒಂದೇ ಕಣ್ರಪ್ಪ!"

೪. ಶುಕ್ರವಾರ

ನಾನು ಊರು ಸೇರುವಷ್ಟರಲ್ಲಿ ಮತ್ತೆ ಮೋಡ ಮುಚ್ಚಿ, ಸಂಡಿಗೆ ಹಸಿಯಾಗಿಯೇ ಉಳಿದಿತ್ತು. ಇಷ್ಟು ಕಂಡರೂ ಕಡ್ಡಿಯನ್ನು ಬಿಟ್ಟೆನೇ? ಹಠ ನನ್ನ ಜೊತೆಗೇ ಹುಟ್ಟಿದ್ದು. ಶುಕ್ರವಾರ ಅದು ಹದಿನಾಲ್ಕಕ್ಕೆ ಇಳಿದಿತ್ತು.

"ಮುಗೀತು" ಅಂದೆ. "ಹದಿನಾರಕ್ಕೇ ಒಣಗದ್ದು ಹದಿನಾಲ್ಕಕ್ಕೆ ಒಣಗುತ್ತಾ? ಮದುವೆ ಮನೆಯವರಿಗೆ ಏನು ಮುಖ ತೋರಿಸಲಿ?"

ದೊಡ್ಡವ್ವ ಕಡ್ಡಿಯ ಕಡೆ ತಿರುಗಲೂ ಇಲ್ಲ. ಆಕಾಶ ನೋಡಿದಳು. ಒಂದು ಚೂರು ಮೋಡವಿಲ್ಲ, ಮಂಜಿಲ್ಲ. ಗಾಳಿಯಲ್ಲಿ ತೇವವೇ ಇಲ್ಲ, ಒಗೆದು ಹಿಂಡಿದ ಹಾಗಿತ್ತು. "ಎಲ್ಲಾನೂವೆ ತಾರ್ಸಿ ಮ್ಯಾಕೆ ಹಾಕ್ರಮ್ಮಿ" ಅಂದಳು.

ಹನ್ನೊಂದಕ್ಕೇ ಮದುವೆ ಮನೆಯ ಯಜಮಾನರು ಬಂದರು. ಕೋಟು, ಶಾಲು, ಕಿವಿಗೆ ಮಫ್ಲರ್. "ಬೇಗ ಕೊಡಮ್ಮ, ಬಸ್ಸಿಗೆ ಹೊತ್ತಾಯ್ತು." ನನ್ನ ನಾಲಿಗೆ ಒಣಗಿತು, ಸಂಡಿಗೆ ಒಣಗಿರಲಿಲ್ಲ.

"ತಾರ್ಸಿ ಮ್ಯಾಲೆ ಅದೆ, ಬನ್ನಿ ಯಜಮಾನ್ರೇ" ಅಂತ ದೊಡ್ಡವ್ವ ಅವರನ್ನು ಮೇಲೆ ಕರೆದೊಯ್ದು, ಸಂಡಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿದಳು. "ವಸಿ ಬೆನ್ ಬಿಸ್ಲಿಗೆ ಕೊಡಿ, ಟೀ ತತ್ತೀನಿ."

ಟೀ ಮುಗಿಯುವಷ್ಟರಲ್ಲಿ ಮಫ್ಲರ್ ಇಳಿಯಿತು. ಆಮೇಲೆ ಶಾಲು, ಆಮೇಲೆ ಕೋಟು. ಆಮೇಲೆ ಗೊರಕೆ. ನೀರಿನ ಟ್ಯಾಂಕಿನ ನೆರಳು ಸರಿದು ಬಂದಾಗಲೆಲ್ಲ ನಾವು ಸಂಡಿಗೆಯ ಪಂಚೆಯನ್ನೂ ಅವರ ಕುರ್ಚಿಯನ್ನೂ ಸದ್ದಿಲ್ಲದೆ ಬಿಸಿಲಿಗೆ ಎಳೆದೆವು. ನಾಲ್ಕು ದಿನದ ಹಸಿ, ಮೂರು ಗಂಟೆಯ ಹೊತ್ತಿಗೆ ಮುರಿದರೆ ಟಣ್ಣೆನ್ನುತ್ತಿತ್ತು! ಆ ಬಿಸಿಲಿಗೆ ಕೈಮುಗಿದೆ.

ಯಜಮಾನರು ಎದ್ದು, ಗಡಿಯಾರ ನೋಡಿ ಗಾಬರಿಯಾದರು. ಆಮೇಲೆ ಕುರ್ಚಿ ನೋಡಿದರು, ಗೋಡೆ ನೋಡಿದರು.

"ನಾನು ಕೂತದ್ದು ಆ ಮೂಲೆಯಲ್ಲಿ ಅಲ್ವಾ?"

ದೊಡ್ಡವ್ವ ಸಂಡಿಗೆ ತುಂಬುತ್ತಾ ತಲೆ ಎತ್ತದೆ ಹೇಳಿದಳು:

"ಮೂರ್ ಸಲ ತಿರುವಾಕಿದ್ವಿ ಯಜಮಾನ್ರೇ. ಸಂಡಿಗೇನೂವೆ, ನಿಮ್ಮನ್ನೂವೆ."