ಮಾಮಾನ ನಾಲ್ಕನೇ ಗೇರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಾಡಿ ಕೆಂಪಗಿತ್ತು ಎನ್ನುತ್ತೇನೆ ನಾನು, ಕಪ್ಪಗಿತ್ತು ಎನ್ನುತ್ತಾಳೆ ಅಮ್ಮ. ಇಸವಿ ಎಂಬತ್ತೆಂಟೋ ಎಂಬತ್ತೊಂಬತ್ತೋ, ಅದೂ ಖಚಿತವಿಲ್ಲ. ಒಂದು ಮಾತು ಮಾತ್ರ ನಿಜ: ನಮ್ಮ ಸೋದರಮಾವ ತನ್ನ ಮೋಟರ್‌ಸೈಕಲ್ಲನ್ನು ಒಮ್ಮೆಯೂ ನಾಲ್ಕನೇ ಗೇರಿಗೆ ಹಾಕಿದವನಲ್ಲ.

ಮಾಮಾನಿಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಲ್ಲಿ ಕೆಲಸ. ಹಳ್ಳಿ ಹಳ್ಳಿ ತಿರುಗಿ ಎಲೆ ನೋಡಿ, ಮೂಸಿ, ದರ್ಜೆ ಹೇಳುವುದು. ತಿರುಗಲು ನೂರು ಸಿಸಿಯ ಆ ಸಣ್ಣ ಗಾಡಿ. ನಾಲ್ಕು ಗೇರಿನ ಗಾಡಿಗೆ ಮೂರನ್ನೇ ಬಳಸುವುದು ಯಾಕೆ ಎಂದು ಕೇಳಿದರೆ, “ನಾಕನೇದ್ದು ಬೆಳಗಾಂವಿಗೆ ಹೋಗವ್ರ ಗೇರವಾ. ನಮಗೇನ ಕೆಲಸ ಅದರಾಗ?” ಎನ್ನುತ್ತಿದ್ದ.

ವೇಗ ಗಂಟೆಗೆ ಮೂವತ್ತು. ಇಂಜಿನ್ನು ಗೋಳಾಡುತ್ತಿತ್ತು. ಒಮ್ಮೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಯಿತು. ಡ್ರೈವರ್ ತಿರುಗಿ, “ಯಾಕ್ರೀ ಮಾಮಾ, ಪೆಟ್ರೋಲ ಮುಗದೈತೇನ್ರಿ?” ಎಂದ. ಮಾಮಾ ಸಾವಕಾಶವಾಗಿ ಉತ್ತರಿಸಿದ: “ಪೆಟ್ರೋಲ ಐತಿ. ಅವಸರ ಇಲ್ಲ.”

ಆರಾಮದ ವಿಷಯದಲ್ಲಂತೂ ಅವನದೇ ಶಾಸ್ತ್ರ. ಕುಡಿದ ಚಹಾ ಹೊಟ್ಟೆಯಲ್ಲಿ ಅಲುಗಬಾರದು! ಅದಕ್ಕಾಗಿ ಹಳೆ ಸೀರೆಗಳನ್ನು ಹೊಲಿದು ಮಾಡಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಬಿಗಿದಿದ್ದ. ಹತ್ತಿ ಕುಳಿತರೆ ಅಟ್ಟದ ಮೇಲೆ ಕುಳಿತಂತೆ.

ಇಂಥವನು ನನಗೆ ಗುರುವಾದ. ರಾಯಬಾಗದ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ನಮ್ಮೂರು ಚಿಕ್ಕೋಡಿಯಿಂದ ಅಲ್ಲಿಗೆ ಹೋಗುವ ಬೆಳಗಿನ ಬಸ್ಸಿಗೆ ತನ್ನದೇ ಗಡಿಯಾರವಿತ್ತು. ರಾಯಬಾಗದಲ್ಲಿ ಒಬ್ಬಳೇ ಕೋಣೆ ಮಾಡಿಕೊಂಡಿರಲು ಅಪ್ಪ ಒಪ್ಪಲಿಲ್ಲ. ಕೊನೆಗೆ, “ಗಾಡಿ ಕಲಿ. ನಿಮ್ಮ ಮಾಮಾ ಹೂಂ ಅಂದ್ರ ಹೋಗು, ಇಲ್ಲಂದ್ರ ಕೆಲಸ ಬಿಡು” ಎಂದರು. ಎಂ.ಎ. ಪದವಿಗಿಂತ ಮಾಮಾನ ಹೂಂ ದೊಡ್ಡದಾಯಿತು.

ನನ್ನ ಕಾಲು ನೆಲಕ್ಕೆ ಮುಟ್ಟಲೆಂದು ಮಾಮಾ ಕೌದಿ ಬಿಚ್ಚಿದ. ಊರ ಹೊರಗಿನ ಬಯಲಿನಲ್ಲಿ ಪಾಠ ಶುರುವಾಯಿತು. “ಕ್ಲಚ್ ಬಿಡೂದಂದ್ರ ಮಲಗಿದ ಕೂಸಿನ ಬುಡದಿಂದ ಕೈ ತಗದಂಗ ಇರಬೇಕು” ಎನ್ನುತ್ತಿದ್ದ. ನನ್ನ ಕೂಸು ಪ್ರತಿ ಸಲ ಎದ್ದು ಕೂರುತ್ತಿತ್ತು.

ಯಾವ ಗೇರಿನಲ್ಲೂ ಇಲ್ಲದ ಸ್ಥಿತಿಗೆ ಅವನು ‘ನಿವಾಂತ’ ಎನ್ನುತ್ತಿದ್ದ. ನಮ್ಮ ಗಡಿ ಸೀಮೆಯಲ್ಲಿ ಕೆಲಸವೆಲ್ಲ ಮುಗಿದು ಹಾಯಾಗಿರುವುದಕ್ಕೆ ಆಡುವ ಮಾತು ಅದು. ಗಾಡಿಗೂ ಅದೇ ಮಾತೆಂದು ನಾನು ನಂಬಿದ್ದೆ. ಲೈಸೆನ್ಸ್ ಪರೀಕ್ಷೆಯ ದಿನ, ಮೈಸೂರು ಕಡೆಯ ಸಾಹೇಬರು, “ಗಾಡಿ ಈಗ ಯಾವುದರಲ್ಲಿದೆ?” ಎಂದರು.

“ನಿವಾಂತ ಐತ್ರಿ.”

“ಹಾಗಂದ್ರೆ?”

ದೂರ ನಿಂತಿದ್ದ ಮಾಮಾ ಸಹಾಯಕ್ಕೆ ಬಂದ. “ಆರಾಮ ಅಂತ ಅರ್ಥ್ರೀ ಸಾಹೇಬ್ರ.”

“ನಾನು ಆರಾಮಾಗೇ ಇದ್ದೀನ್ರಿ. ಗೇರ್ ಕೇಳ್ತಿದೀನಿ.”

ಹೇಗೋ ಪಾಸಾದೆ. ಮಾಮಾನ ಹೂಂ ಮಾತ್ರ ಬರಲಿಲ್ಲ. ಕೆಲಸಕ್ಕೆ ಸೇರಲು ಎರಡೇ ದಿನ ಉಳಿದಾಗ ಅವನು ಹಿಂದೆ ಕುಳಿತು, “ರಾಯಬಾಗಕ್ಕ ನಡಿ” ಎಂದ. ನಾನು ಶಿಸ್ತಾಗಿ ಮೂರನೇ ಗೇರಿನಲ್ಲಿ ಮೂವತ್ತರಲ್ಲಿ ಹೊರಟೆ. ಅರ್ಧ ದಾರಿಯಲ್ಲಿ ಅವನು ಭುಜ ತಟ್ಟಿದ.

“ನಾಕನೇದಕ್ಕ ಹಾಕು.”

“ನೀನ ಬ್ಯಾಡ ಅಂತಿದ್ದೆಲ್ಲಾ ಮಾಮಾ?”

“ನನಗ ಬ್ಯಾಡ. ನೀ ಹೊತ್ತಿಗೆ ಸರಿಯಾಗಿ ಕಾಲೇಜ ಮುಟ್ಟಬೇಕಲಾ.”

ಹಾಕಿದೆ. ಇಂಜಿನ್ನಿನ ಗೋಳು ಒಮ್ಮೆಲೇ ತಗ್ಗಿತು. ನಲವತ್ತು, ನಲವತ್ತೈದು. ಕನ್ನಡಿಯಲ್ಲಿ ನೋಡಿದರೆ ಮಾಮಾ ಕಣ್ಣು ಮುಚ್ಚಿ ಕುಳಿತಿದ್ದ.

ಮನೆಗೆ ಮರಳಿ ಅಪ್ಪನೆದುರು “ಹೂಂ” ಎಂದ. ಆಮೇಲೆ ಕೀಲಿಯನ್ನು ನನ್ನ ಕೈಗಿಟ್ಟ. “ಇನ್ನ ಮ್ಯಾಲೆ ನನಗ ಗೋದಾಮಿನ್ಯಾಗ ಕುಂತ ಮಾಡೂ ಕೆಲಸ. ಗಾಡಿ ನಿಂತಲ್ಲೇ ಜಂಗ ಹಿಡೀತೈತಿ. ನೀ ಒಯ್ಯಿ.” ಎರಡು ವರ್ಷ ಅದರ ಮೇಲೆಯೇ ಹೋಗಿ ಬಂದೆ. ಆಮೇಲೆ ನನ್ನದೇ ಗಾಡಿ ಕೊಂಡು ಅದನ್ನು ಮರಳಿಸಿದೆ.

ಈಚೆಗೆ ಆ ಎರಡು ವರ್ಷಗಳ ದಿನಚರಿ ತೆಗೆದು ನೋಡುತ್ತಿದ್ದೆ. ಒಂದು ಪುಟದಲ್ಲಿ ಹೀಗಿದೆ: “ಮಾಮಾ ಈ ವರ್ಷ ಮೂರನೇ ಜೋಡಿ ಚಪ್ಪಲಿ ತಂದಿದ್ದಾನೆ. ವಯಸ್ಸಾದಂತೆ ಷೋಕಿ ಹೆಚ್ಚುತ್ತಿದೆ.” ಅಕ್ಷರ ನನ್ನದೇ. ಬರೆದು ನಕ್ಕಿದ್ದೂ ನಾನೇ ಇರಬೇಕು. ಗೋದಾಮಿನಲ್ಲಿ ಕುಳಿತವನ ಚಪ್ಪಲಿ ವರ್ಷಕ್ಕೆ ಮೂರು ಜೋಡಿ ಸವೆಯುತ್ತದೆಯೇ?

ಮರುದಿನವೇ ಹೋಗಿ ಮಾಮಿಯನ್ನು ಕೇಳಿದೆ. “ಮಾಮಿ, ಗಾಡಿ ನನ್ನ ಹಂತ್ಯಾಕ ಇದ್ದಾಗ ಮಾಮಾ ಹಳ್ಳಿಗಳಿಗೆ ಹೆಂಗ ಹೋಗತಿದ್ದ?”

ಹೊರಗಿನ ಕೋಣೆಯಲ್ಲಿ ಮಾಮಾ ಮಲಗಿದ್ದ. ಮಾಮಿ ಅತ್ತ ಒಮ್ಮೆ ನೋಡಿ, ಎದ್ದು ಹೋಗಿ ಕದ ಎಳೆದು ಮುಚ್ಚಿ ಬಂದಳು. ನನ್ನ ಮುಂದೆ ಚಹಾ ಇಟ್ಟಳು.