ಭಾಗಮ್ಮಗ ಫೋನ್ ಬಂದದ

ಅಫಜಲಪುರದಲ್ಲಿ ನಾನು ಫೋನಿಗೆ ಕರೆಯದ ಮನುಷ್ಯರಿಲ್ಲ. ಸ್ನಾನದ ನಡುವೆ ಇದ್ದವರನ್ನು ಕರೆದಿದ್ದೇನೆ, ಜಗಳದ ನಡುವೆ ಇದ್ದವರನ್ನು ಕರೆದಿದ್ದೇನೆ, ಅರ್ಧ ಕ್ಷೌರವಾದವರೊಬ್ಬರು ಮುಖದ ನೊರೆಯ ಸಮೇತ ಓಡಿ ಬರುವಂತೆ ಮಾಡಿದ್ದೇನೆ. ಕರೆಯದೆ ಬಿಟ್ಟದ್ದು ಒಬ್ಬರನ್ನು ಮಾತ್ರ, ನನ್ನ ಸ್ವಂತ ಅಕ್ಕನನ್ನು. ಏಳನೆಯ ತರಗತಿಯನ್ನು ಬಾಗಿಲಿನಿಂದ ಇಣುಕಿ ನೋಡಿ ಹಿಂದಿರುಗಿದವನು ನಾನು. ತಪ್ಪನ್ನು ಚಂದವಾಗಿ ಹೇಳುವಷ್ಟು ವಿದ್ಯೆ ಅಷ್ಟರಲ್ಲಿ ಹತ್ತಲಿಲ್ಲ. ಆದ್ದರಿಂದ ಊರು ಸುತ್ತಿಕೊಂಡೇ ಅಲ್ಲಿಗೆ ಬರುತ್ತೇನೆ.

ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಎಸ್‌ಟಿಡಿ ಬೂತು ಇತ್ತು. ಮನೆಯಲ್ಲಿ ಫೋನು ಇದ್ದವರು ಆಗ ಊರಿಗೆ ಸಾಹುಕಾರರು. ಉಳಿದವರೆಲ್ಲ ನನ್ನ ನಂಬರನ್ನೇ ತಮ್ಮದೆಂದು ಕೊಟ್ಟು, ಮುಂದೆ ಪಿಪಿ ಎಂದು ಬರೆಯುತ್ತಿದ್ದರು. ಪಿಪಿ ಎಂದರೆ ಪಕ್ಕದ ಪರಿಚಯ ಎಂದು ನಾನು ಬಹಳ ವರ್ಷ ನಂಬಿದ್ದೆ. ಜೇವರ್ಗಿಯಿಂದಲೋ ಸೊಲ್ಲಾಪುರದಿಂದಲೋ ಫೋನು ಬರುತ್ತಿತ್ತು, "ಇಂಥವರನ್ನ ಕರಸ್ರಿ, ಹತ್ತು ನಿಮಿಷ ಬಿಟ್ಟು ಮತ್ತ ಮಾಡ್ತೇವಿ" ಎಂದು. ನಾನು ಬೂತಿಗೆ ಬೀಗ ಜಡಿದು, ಸೈಕಲ್ ಏರಿ, ಅವರ ಮನೆಗೆ ಹೋಗಿ ಕೂಗಬೇಕು. ಅಷ್ಟರಲ್ಲಿ ನನ್ನ ಗಿರಾಕಿಗಳು ಬೇರೆ ಬೂತಿಗೆ ಹೋಗಿರುತ್ತಿದ್ದರು. ಒಂದು ದಿನ ತಲೆ ಓಡಿತು. ಶಾಮಿಯಾನದ ಅಂಗಡಿಯಿಂದ ಹಳೆಯ ಮೈಕು, ಹಾರನ್ನು ತಂದು ಮಾಳಿಗೆಯ ಮೇಲೆ ಕಟ್ಟಿದೆ. ಇನ್ನು ಸೈಕಲ್ಲಿಲ್ಲ, ಬೀಗವಿಲ್ಲ. ಕೂತಲ್ಲಿಂದಲೇ ಇಡೀ ಊರು.

ಊರು ಇದನ್ನು ಮೆಚ್ಚಿಕೊಂಡಿತು ಎಂದುಕೊಂಡಿರೇನು? ಎದುರು ಮನೆಯ ರಿಟೈರ್ಡ್ ಮಾಸ್ತರರು ಅಂದೇ ಬಂದರು. "ಮಲ್ಲಪ್ಪಾ, ನಿನ್ನ ಹಾರನ್ ನನ್ನ ಕಿವ್ಯಾಗ ಬಾಡಗಿಗಿ ಬಂದು ಕುಂತದ. ಇಳಸು ಅದನ್ನ" ಎಂದರು. ಎಲ್ಲರೂ ಬೈದರು, ಹೆಸರು ಕೇಳಿದವರೆಲ್ಲ ಬೈಯುತ್ತಲೇ ಓಡಿ ಬಂದರು. ತೊಡಕು ಇದ್ದದ್ದು ಹೆಸರಿನಲ್ಲಿ. ಘತ್ತರಗಿಯ ದೇವಿ, ನಮ್ಮ ತಾಯಿ ಭಾಗಮ್ಮ, ಇಷ್ಟು ಹತ್ತಿರವಿರುವಾಗ ಹುಟ್ಟಿದ ಹೆಣ್ಣುಮಗುವಿಗೆ ಬೇರೆ ಹೆಸರು ಹುಡುಕುವ ಕಷ್ಟ ಯಾರು ತೆಗೆದುಕೊಳ್ಳುತ್ತಾರೆ? ನಾನು "ಭಾಗಮ್ಮಗ ಫೋನ್ ಬಂದದ" ಎಂದರೆ ಬೂತಿನ ಮುಂದೆ ಮಹಿಳಾ ಮಂಡಳದ ಸಭೆ ಕೂಡಿದಂತಾಗುತ್ತಿತ್ತು. ಸರಿ, ಸೌಲಭ್ಯವನ್ನು ಸುಧಾರಿಸೋಣವೆಂದು ಹೆಸರಿನ ಹಿಂದೆ ಗುರುತು ಹಚ್ಚಿದೆ. ಹಿಟ್ಟಿನ ಗಿರಣಿಯವಳು ಗಿರಣಿ ಭಾಗಮ್ಮ. ಎಮ್ಮೆ ಕಟ್ಟಿ ಹಾಲು ಮಾರುವವಳು ಎಮ್ಮಿ ಭಾಗಮ್ಮ. ಹಾಲಿನವಳು ಕೈಯಲ್ಲಿ ಸೆಗಣಿ ಬುಟ್ಟಿ ಹಿಡಿದೇ ಬಂದಳು.

"ಏನಲೇ ಮಲ್ಲ್ಯಾ, ನಾ ಎಮ್ಮಿ ಏನು?"

"ನೀವಲ್ಲರಿ ಭಾಗಮ್ಮಾರ. ಎಮ್ಮಿ ನಿಮ್ಮದಲ್ಲೇನ್ರಿ."

"ಅದನ್ನ ಮೈಕಿನ್ಯಾಗ ಬಿಡಿಸಿ ಹೇಳಬೇಕಿತ್ತಲ್ಲ. ಆಳಂದದ ಬೀಗರು ಬಂದು ಕುಂತಾರ. ನಕ್ಕು ನಕ್ಕು ಚಾ ಮೈಮ್ಯಾಲ ಚೆಲ್ಕೊಂಡಾರ."

ಅಂದಿನಿಂದ ಆಕೆಯನ್ನು ಹಾಲಿನ ಭಾಗಮ್ಮ ಎಂದೆ. ಮರುದಿನ ಗಿರಣಿಯವಳು ಬಂದಳು. "ಆಕಿಗಿ ಹಾಲು, ನನಗ ಗಡಗಡ ಅನ್ನೂ ಗಿರಣಿ. ನನಗೂ ಏನರ ತಣ್ಣಂದ ಇಡು" ಎಂದಳು. ಬೇಸತ್ತು ಎಲ್ಲರ ಗುರುತನ್ನೂ ಕಿತ್ತುಹಾಕಿದೆ. ಮತ್ತೆ ಎಲ್ಲ ಭಾಗಮ್ಮರೂ ಬರತೊಡಗಿದರು. ಸುಮ್ಮನೆ ಬಂದೆವಲ್ಲ ಎಂದು ಬೈಯುವುದು, ಬಂದದ್ದಕ್ಕೆ ಒಂದು ಗಳಿಗೆ ಕೂತು ಹರಟೆ ಹೊಡೆಯುವುದು, ಮರುದಿನ ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟುಕೊಂಡು ಬರುವುದು.

ನನ್ನ ಅಕ್ಕನೂ ಅದೇ ತಾಯಿಯ ಹೆಸರಿನವಳು. ಆದರೆ ಅವಳಿಗೆ ಭಾಗಮ್ಮ ಎಂದರೆ ಸೇರದು, ಭಾಗ್ಯವಂತಿ ಎಂದು ಪೂರ್ತಿ ಹೇಳಬೇಕು. ಬ್ಲೌಸು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನನ್ನ ಬೂತಿನ ಪರದೆಯಿಂದ ಹಿಡಿದು ಫೋನಿನ ಮೇಲಿನ ಚಿಕ್ಕ ಟೊಪ್ಪಿಗೆಯವರೆಗೆ ಎಲ್ಲ ಅವಳೇ ಹೊಲಿದದ್ದು. ಗುಲಬರ್ಗಾದ ಒಂದು ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸವಿದೆಯೆಂದು ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಆರಿಸಿದರೆ ಫೋನು ಮಾಡುತ್ತೇವೆ, ಕೂಡಲೇ ಬರಬೇಕು ಎಂದಿದ್ದರಂತೆ. "ನಮ್ಮ ತಮ್ಮಂದೇ ಬೂತ್ ಅದರಿ, ಚಿಂತಿ ಇಲ್ಲ" ಎಂದು ಹೇಳಿ ಬಂದಿದ್ದಳಂತೆ. ಈ ಮಾತನ್ನು ಅವಳು ನನಗೆ ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನನಗೆ ಇಂದಿಗೂ ಊಟದ ನಡುವೆ ನೆನಪಾಗುತ್ತದೆ.

ಆ ವಾರವೇ ಊರವರ ಬೈಗುಳ ಕೇಳಿ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಹಾರನ್ನು ಇಳಿಸಿದೆ. "ಕರೆಯುವ ಸೌಲಭ್ಯ ಬಂದ್" ಎಂದು ಬೋರ್ಡು ಬರೆದು ತೂಗುಹಾಕಿದೆ. ಮೊದಲು ಓಡಿ ಬಂದವರು ಮಾಸ್ತರರೇ.

"ಯಾಕ ಇಳಿಸಿದಿ? ನನ್ನ ಮಗಳ ಫೋನ್ ಬಂದ್ರ ನನಗ ಹ್ಯಾಂಗ ತಿಳೀಬೇಕು?"

"ನಿಮ್ಮ ಕಿವಿ ಸಲುವಾಗೇ ಇಳಿಸೇನ್ರಿ."

"ಕಿವಿಗಿ ನಾ ಹತ್ತಿ ಅರಳಿ ಇಟ್ಕೊಂಡು ಹೊಂದಿಸ್ಕೊಂಡಿದ್ದೆ. ಈಗ ಆ ಅರಳಿ ಏನ್ ಮಾಡ್ಲಿ?"

ಬಂದ್ ಎನ್ನುವ ಮಾತಿನಲ್ಲಿ ಒಂದು ಸುಖವಿದೆ. ಕಚೇರಿಯವರು ಅದನ್ನು ಯಾಕೆ ಅಷ್ಟು ಪ್ರೀತಿಯಿಂದ ಹೇಳುತ್ತಾರೆಂದು ನನಗೆ ಆಗ ತಿಳಿಯಿತು. ಬಂದವರಿಗೆಲ್ಲ ಬಂದ್ ಎಂದೆ, ಫೋನು ಮಾಡಿದವರಿಗೂ ಬಂದ್ ಎಂದೆ. ಆ ಸುಖದ ನಡುವೆಯೇ ಒಂದು ಮೆತ್ತನೆಯ ದನಿ ಬಂತು. "ಗುಲಬರ್ಗಾದಿಂದ ಮಾತಾಡಾಕತ್ತೇವ್ರಿ. ಭಾಗ್ಯವಂತಿ ಅವರನ್ನ ಜರಾ ಕರೀತೀರೇನ್ರಿ?"

"ಕರಿಯೋದು ಬಂದ್ ಆಗ್ಯಾದ್ರಿ."

"ಭಾಳ ಜರೂರ್ ಇತ್ತರಿ."

"ಎಲ್ಲಾರಿಗೂ ಜರೂರೇ ಇರ್ತದ್ರಿ. ಬೋರ್ಡ್ ಹಾಕೇವಿ, ನೋಡ್ರಿ" ಎಂದೆ, ಗುಲಬರ್ಗಾದಲ್ಲಿ ಕೂತವರಿಗೆ. ಫೋನು ಇಟ್ಟೆ. ಚಹಾ ತರಿಸಿದೆ. ಎರಡನೆಯ ಗುಟುಕು ಗಂಟಲಲ್ಲಿ ಇರುವಾಗ ಹೊಳೆಯಿತು: ಊರಿನ ಯಾವ ಭಾಗಮ್ಮನನ್ನೂ ಯಾರೂ ಇದುವರೆಗೆ ಭಾಗ್ಯವಂತಿ ಅವರು ಎಂದು ಕೇಳಿರಲಿಲ್ಲ.

ಸಂಜೆ ಅಕ್ಕ ರೊಟ್ಟಿ ತಟ್ಟುತ್ತಾ ಕೇಳಿದಳು. "ಫೋನ್ ಏನರ ಬಂದಿತ್ತೇನೋ ತಮ್ಮಾ?" "ಇಲ್ಲಕ್ಕಾ. ಬಂದಿದ್ರ ಹೇಳ್ತಿರಲಿಲ್ಲೇನು" ಎಂದೆ. ಅವಳು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೇ ಮೊದಲು ಹಾಕಿದಳು.

ಬೆಳಗಾಗುವುದರೊಳಗೆ ಹಾರನ್ನು ಮತ್ತೆ ಮಾಳಿಗೆ ಏರಿಸಿದೆ. ಮತ್ತೊಮ್ಮೆ ಆ ಮೆತ್ತನೆಯ ದನಿ ಬಂದರೆ ಅಕ್ಕನ ಹೆಸರನ್ನು ಭೀಮಾ ನದಿಯ ಆಚೆ ದಡಕ್ಕೂ ಕೇಳುವಂತೆ ಕೂಗುತ್ತೇನೆಂದು ನನ್ನ ಲೆಕ್ಕ. ಊರು ಮಾತ್ರ ತನ್ನ ಹೋರಾಟ ಗೆದ್ದಿತೆಂದು ತಿಳಿದುಕೊಂಡಿತು. ಮಾಸ್ತರರು ಕಿವಿಯಲ್ಲಿ ಅರಳಿ ಇಟ್ಟುಕೊಂಡೇ ಬಂದು ಹಾರನ್ನಿಗೆ ತೆಂಗಿನಕಾಯಿ ಒಡೆದರು. ಹಾಲಿನ ಭಾಗಮ್ಮ ಪೇಡೆ ತಂದಳು. "ಮಂದಿ ಮಾತಿಗಿ ಬೆಲಿ ಕೊಡೋ ಮನಶ್ಯಾ" ಎಂದು ಯಾರೋ ಹೊಗಳಿದರು. ನಾನು ಪೇಡೆ ತಿನ್ನುತ್ತಾ, ಹೊಗಳಿಕೆ ಕೇಳುತ್ತಾ, ಕಣ್ಣನ್ನು ಫೋನಿನ ಮೇಲೆ ಇಟ್ಟು ಕೂತೆ. ಅದು ಊರಿನವರಿಗೆಲ್ಲ ಹೊಡೆದುಕೊಂಡಿತು, ಅಕ್ಕನಿಗೆ ಹೊಡೆದುಕೊಳ್ಳಲಿಲ್ಲ. ಕಡೆಗೆ ತಡೆಯಲಾರದೆ ಟೆಲಿಫೋನ್ ವಿಚಾರಣೆಯವರಿಂದ ಹೊಲಿಗೆ ಶಾಲೆಯ ನಂಬರು ತೆಗೆದುಕೊಂಡು ನಾನೇ ಫೋನು ಹಚ್ಚಿದೆ. "ಅವರ ಪಿಪಿಯವರು ಕರಿಯೋದಿಲ್ಲ ಅಂದ್ರು. ಬ್ಯಾರೆಯವರಿಗಿ ಕೊಟ್ಟೇವ್ರಿ" ಎಂದಿತು ಅದೇ ದನಿ.

ಅಕ್ಕನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಮೈಕಿಗೆ ಮುಖವಿಲ್ಲ. ಗುಂಡಿ ಒತ್ತಿ, ಕಣ್ಣು ಮುಚ್ಚಿಕೊಂಡು, "ಭಾಗಕ್ಕಾ, ನನ್ನಿಂದ ತಪ್ಪಾಗ್ಯಾದ, ಮಾಫ್ ಮಾಡು" ಎಂದುಬಿಟ್ಟೆ. ಗಾಬರಿಯಲ್ಲಿ ಪೂರ್ತಿ ಹೆಸರು ಬಾಯಿಗೆ ಬರಲಿಲ್ಲ. ಕಣ್ಣು ತೆರೆಯುವಷ್ಟರಲ್ಲಿ ಸಭೆ ಕೂಡಿತ್ತು.

"ಆತು ಬಿಡೋ. ಎಮ್ಮಿ ಅಂದದ್ದು ನಾ ಆವತ್ತೇ ಮರತೇನಿ" ಎಂದಳು ಹಾಲಿನವಳು. "ಗಿರಣಿ ಅಂದ್ರೂ ನಡೀತದ ತಗೋ" ಎಂದಳು ಗಿರಣಿಯವಳು. ನಾನು ಎಂದೂ ನೋಡಿರದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. "ಏನ್ ಮಾಡೀಯೋ ನನಗ ಗೊತ್ತಿಲ್ಲಪಾ. ಮಾಫ್ ಮಾಡೇನಿ" ಎಂದು ನನ್ನ ತಲೆ ಸವರಿದಳು. ಎಲ್ಲರ ಹಿಂದೆ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಅಕ್ಕ ನಿಂತಿದ್ದಳು.

"ಊರ ಭಾಗಮ್ಮರಿಗೆಲ್ಲ ಏನ್ ಮಾಡಿ ಕುಂತೀಯೋ ತಮ್ಮಾ?"

ನಾನು ಮೈಕಿನ ಗುಂಡಿ ಆರಿಸಿದೆ. ಹಾರನ್ನಿಲ್ಲದ ನನ್ನ ದನಿ ಅಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

"ಅವರಿಗೇನೂ ಮಾಡಿಲ್ಲಕ್ಕಾ, ನಿನಗ ಮಾಡೇನಿ. ಗುಲಬರ್ಗಾದ ಫೋನ್ ಬಂದಿತ್ತು. ನಾನೇ ಕರೀಲಿಲ್ಲ. ಕೆಲಸ ಬ್ಯಾರೆಯವರಿಗಿ ಹೋತು. ತಪ್ಪಾತು ನಂದು, ಭಾಗ್ಯವಂತಿ ಅಕ್ಕಾ."